ಗಂಡ ಸಹಿ ಮಾಡಿದ್ರ ಅಕ್ಕನ್ನ ಮೆಂಟಲ್ ಆಸ್ಪತ್ರ್ಯಾಗ ಇಟ್ಕೋಬಹುದೇನ್ರೀ? (ಬೆಳಗಾವಿ)

ಮುಧೋಳ ಹುಡುಗ | ಸೋಮವಾರ ರಾತ್ರಿ 10:52

ಎಲ್ಲಾರಿಗೂ ನಮಸ್ಕಾರ್ರಿ. ಕಾನೂನು ತಿಳಿದವ್ರು ಯಾರರ ಇದ್ರ ಹೇಳ್ರಿ, ನನ್ನ ತಲಿ ಓಡವಲ್ದು. ನಮ್ಮಕ್ಕನ್ನ ಬೆಳಗಾವಿಗೆ ಕೊಟ್ಟೀವಿ. ಎರಡನೇ ಹೆರಿಗಿ ಆಗಿ ನಾಕ್ ವಾರ ಆತು, ಮೊದಲನೇದು ನಮ್ಮಲ್ಲೆ ಆಗಿತ್ತು, ಇದು ಗಂಡನ ಮನ್ಯಾಗ. ಹೋದ ಗುರುವಾರ ರಾತ್ರಿ ಮಾಮಾ (ಅಕ್ಕನ ಗಂಡ) ಫೋನ್ ಮಾಡಿ ನಿಮ್ಮಕ್ಕನ ತಲಿ ಕೆಟ್ಟೈತಿ, ಆಸ್ಪತ್ರಿಗೆ ಹಾಕೀವಿ ಅಂದು ಇಟ್ಬಿಟ್ರು. ಮರದಿನ ಫಸ್ಟ್ ಬಸ್ಸಿಗೆ ಅವ್ವನ್ನ ಕರ್ಕೊಂಡು ಹೋದ್ನಿ. ಖಾಸಗಿ ಆಸ್ಪತ್ರಿ, ಹೆಸರು ಬ್ಯಾಡ. ಕೌಂಟರ್‌ನ್ಯಾಗ ಕುಂತಾಂವ ತಲಿ ಎತ್ತಲಾರದ "ಗಂಡ ಸಹಿ ಮಾಡ್ಯಾರ, ಗಂಡ ಬಂದ್ರ ಬಿಡ್ತೀವಿ, ಉಳಿದಾವ್ರಿಗೆ ಭೆಟ್ಟಿ ಇಲ್ಲ, ಫೋನೂ ಇಲ್ಲ" ಅಂದ. ಅವ್ವ ಸ್ಟೀಲ್ ಡಬ್ಬ್ಯಾಗ ಅಂಟಿನುಂಡಿ ಕಟ್ಟಿಕೊಂಡ್ ಬಂದಿದ್ಲು, ಬಾಣಂತಿ ಐತಿ ತಿನ್ನಲಿ ಅಂತ, ಅದನ್ನೂ ಒಳಗ ತಗೊಳ್ಳಲಿಲ್ಲ. ಸಂಜಿ ತನಕ ಗೇಟಿನ ಮುಂದ ಕುಂತು ಡಬ್ಬಿ ಹಂಗ ವಾಪಸ್ ತಂದೀವಿ. ಕೂಸು ಅತ್ತಿ ಕಡೆ ಐತಿ, ಬಾಟ್ಲಿ ಹಾಲು ಕುಡಸಾಕತ್ತಾರಂತ.

ಮದಲಿಂದ ಆ ಮನ್ಯಾಗ ರೊಕ್ಕದ ಜಗಳ ಇತ್ತು, ಅದಕ್ಕ ಹಿಂಗ ಹುಚ್ಚಿ ಅಂತ ಪಟ್ಟ ಕಟ್ಟಿ ಕೂಡಿ ಹಾಕ್ಯಾರ ಅಂತ ನಮಗ ಸಂಶಯ. ಇವತ್ತಿಗೆ ಐದು ದಿನ. ಒಬ್ಬ ಗಂಡ ಸಹಿ ಮಾಡಿಬಿಟ್ರ ದೊಡ್ಡ ಹೆಣಮಗಳ್ನ ಹಿಂಗ ಒಳಗ ಇಟ್ಕೊಳ್ಳಾಕ ಬರ್ತೈತೇನು? ಪೊಲೀಸ್ ಸ್ಟೇಶನ್‌ಗೆ ಹೋಗ್ಲ್ಯಾ, ಕೋರ್ಟಿಗೆ ಹೋಗ್ಲ್ಯಾ?

ಕಪ್ಪುಕೋಟು ಬೆಳಗಾವಿ | ಸೋಮವಾರ ರಾತ್ರಿ 11:20

ತಮ್ಮಾ, ಮದಲ ಗಾಬರಿ ಆಗಬ್ಯಾಡ. ಆ ಕೌಂಟರ್‌ನ್ಯಾಗಿನಾಂವ ಇನ್ನೂ 1987ರ ಕಾಯ್ದೇದಾಗ ಅದಾನ. ಆಗ ಸಂಬಂಧಿಕ್ರು ಅರ್ಜಿ ಕೊಟ್ಟು ಎರಡು ವೈದ್ಯಕೀಯ ಸರ್ಟಿಫಿಕೇಟ್ ಇದ್ರ 90 ದಿನದ ತನಕ ಇಟ್ಕೊಳ್ಳಾಕ ಬರ್ತಿತ್ತು. 2018ರಿಂದ ಜಾರಿ ಇರೂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಇದ್ರಾಗ ರೋಗಿ ಒಪ್ಪಲಾರದ ಅಡ್ಮಿಟ್ ಮಾಡ್ಕೊಳ್ಳೂ ದಾರಿ 89ನೇ ಸೆಕ್ಷನ್, 'ಸಪೋರ್ಟೆಡ್ ಅಡ್ಮಿಶನ್' ಅಂತಾರ. ಗಂಡ ಇಲ್ಲೆ ನಾಮನಿರ್ದೇಶಿತ ಪ್ರತಿನಿಧಿ, ಅಂದ್ರ ರೋಗಿ ಪರವಾಗಿ ನಿಲ್ಲಾಂವ, ಅಂತ ಅರ್ಜಿ ಹಾಕ್ಯಾನ, ಅವನ ಸಹಿಗೆ ಇರೂ ಕಿಮ್ಮತ್ತು ಅಷ್ಟ. ಬಾಗಲಾ ಹಾಕೂ ಅಧಿಕಾರ ಡಾಕ್ಟರ್‌ಗಳದ್ದು, ಅದೂ ಒಬ್ಬರದ್ದಲ್ಲ. ಒಬ್ಬರು ಸೈಕಿಯಾಟ್ರಿಸ್ಟ್, ಇನ್ನೊಬ್ಬರು ಮಾನಸಿಕ ಆರೋಗ್ಯ ತಜ್ಞರರ ಸಾದಾ ವೈದ್ಯರರ ಆಗಬಹುದು, ಇಬ್ಬರೂ ಬ್ಯಾರೆ ಬ್ಯಾರೆ ನೋಡಿರಬೇಕು, ಅದೂ ಅಡ್ಮಿಟ್ ದಿನ ಇಲ್ಲಾ ಅದರ ಹಿಂದಿನ 7 ದಿನದಾಗ. ನೋಡಿ ಏನಂತ ಬರೀಬೇಕು? ಇತ್ತೀಚ್ಗೆ ಜೀವಕ್ಕ ಅಪಾಯ ಮಾಡ್ಕೊಳ್ಳಾಕ ಹೋಗ್ಯಾರ, ಇಲ್ಲಾ ಮಂದಿ ಮ್ಯಾಲೆ ಕೈ ಮಾಡ್ಯಾರ ಅಥವಾ ಹಂಗ ಭಯ ಹುಟ್ಟಿಸ್ಯಾರ, ಇಲ್ಲಾ ತಮ್ಮ ತಾವು ನೋಡ್ಕೊಳ್ಳಾಕ ಆಗಲಾರದ ಅಪಾಯದಾಗ ಅದಾರ. ಈ ಮೂರ್ರಾಗ ಒಂದರ ಇರಬೇಕು, ಅದರ ಜೋಡಿ ಇದಕ್ಕಿಂತ ಕಡಿಮಿ ನಿರ್ಬಂಧದ ಬ್ಯಾರೆ ದಾರಿ ಇಲ್ಲ ಅಂತನೂ ಆಗಬೇಕು. ಸೊಸಿ ಎದುರು ಮಾತಾಡ್ತಾಳ, ಅಡಗಿ ಮಾಡವಲ್ಲಳು ಅನ್ನೂದು ಕಾರಣ ಆಗೂದಿಲ್ಲ. 3ನೇ ಸೆಕ್ಷನ್‌ನ್ಯಾಗ ಬರದೈತಿ, ಸಮಾಜದ, ಮನಿತನದ ನಡಾವಳಿಗೆ ಹೊಂದಿಕೊಳ್ಳಲಿಲ್ಲ ಅಂತ ಮಾನಸಿಕ ರೋಗ ಅನ್ನಾಂಗಿಲ್ಲ.

ಇನ್ನ ನಿನಗ ಮುಖ್ಯ ಬೇಕಾದ್ದು. ಹೆಣ್ಮಕ್ಕಳ್ನ ಹಿಂಗ ಅಡ್ಮಿಟ್ ಮಾಡ್ಕೊಂಡ್ರ 3 ದಿನದೊಳಗ ಆಸ್ಪತ್ರಿಯವ್ರು ಜಿಲ್ಲಾದ ರಿವ್ಯೂ ಬೋರ್ಡಿಗೆ ತಿಳಸಬೇಕು, ಗಂಡಸ್ರಾದ್ರ 7 ದಿನ. ಬೋರ್ಡಿಗೆ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶ್ರು ಅಥವಾ ಆ ಅರ್ಹತಾ ಇದ್ದವ್ರು, ಡಿಸಿ ಕಡಿಯವ್ರು ಒಬ್ಬರು, ಸೈಕಿಯಾಟ್ರಿಸ್ಟ್ ಒಬ್ಬರು, ಇನ್ನೊಬ್ಬ ವೈದ್ಯರು, ಮತ್ತ ಈ ರೋಗ ಅನುಭವಿಸಿದವ್ರು ಅಥವಾ ಅಂಥವ್ರ ಮನಿಯವ್ರು ಇಲ್ಲಾ ಸಂಘ ಸಂಸ್ಥಾದವ್ರು ಇಬ್ಬರು. ನಿಮ್ಮಕ್ಕ ನನ್ನ ಇಟ್ಟದ್ದು ತಪ್ಪು ಅಂತ ಅರ್ಜಿ ಕೊಟ್ರ ಬೋರ್ಡು 7 ದಿನದಾಗ ತೀರ್ಮಾನ ಹೇಳಬೇಕು.

ನಾಳಿ ಹೋಗಿ ಜಗಳ ತಗೀಬ್ಯಾಡ. ಒಂದ ಪ್ರಶ್ನಾ ಕೇಳು: "ಯಾವ ಸೆಕ್ಷನ್ ಕೆಳಗ ಇಟ್ಟೀರಿ?"

ತೊರವಿ ರೋಡ್ | ಸೋಮವಾರ ರಾತ್ರಿ 11:41

ವಕೀಲ್ರ, ಪುಸ್ತಕದಾಗ ಎಲ್ಲಾ ಛಂದನ ಅದ. ನಮ್ಮ ವಿಜಯಪುರ ಕಡೆ ನಮ್ಮ ಕಾಕಾನ ಮಗನ್ನ ಏನ್ ಮಾಡಿದ್ರು ಕೇಳ್ರಿ. ಕುಡಿತಿದ್ದ, ಖರೆ, ಬಾಳ ಕುಡಿತಿದ್ದ. ಕಾಕಾ ಒಂದ್ ವ್ಯಸನಮುಕ್ತಿ ಕೇಂದ್ರಕ್ಕ ಫೋನ್ ಮಾಡ್ಯಾನ, ರಾತ್ರಿ ಒಂದೂವರಿಗೆ ಜೀಪಿನ್ಯಾಗ ನಾಕ್ ಮಂದಿ ಬಂದು ಮಲಗಿದಾವನ್ನ ಕೈಕಾಲು ಹಿಡದು ಎತ್ತಿ ಒಯ್ದಾರ. ಅಲ್ಲಿ ಡಾಕ್ಟ್ರೇ ಇಲ್ಲ. ಹೋದ ಕೂಡಲೇ ತಲಿ ಬೋಳಿಸಿ, ಮೂರು ತಿಂಗಳು ಇಪ್ಪತ್ತೈದ್ ಮಂದಿ ಭಾಂಡಿ ತೊಳಸ್ಯಾರ. ಹೊರಗ ಬಂದ ಮರುದಿನ ಮತ್ತ ಕುಡದ. ಇದಕ್ಕ ಯಾವ ಬೋರ್ಡು, ಯಾವ ಸೆಕ್ಷನ್?

ಕಪ್ಪುಕೋಟು ಬೆಳಗಾವಿ | ಸೋಮವಾರ ರಾತ್ರಿ 11:58

ಅಣ್ಣಾರ, ಅದಕ್ಕೂ ಇದ ಕಾಯ್ದೆ. ಬಾಳ ಮಂದಿಗೆ ಗೊತ್ತಿಲ್ಲ. ಸೆರಿ, ಗಾಂಜಾ ಇವುಗಳ ದುಷ್ಚಟದಿಂದ ಆಗೂ ಸ್ಥಿತಿ ಸೈತ ಈ ಕಾಯ್ದೇದ ವ್ಯಾಖ್ಯಾದಾಗ ಮಾನಸಿಕ ರೋಗ ಅಂತನ ಬರ್ತೈತಿ. ಅಂದ್ರ ಅಂಥವ್ರನ್ನ ಒಳಗ ಇಟ್ಕೊಂಡು ಚಿಕಿತ್ಸಾ ಮಾಡ್ತೀವಿ ಅನ್ನೂ ಕೇಂದ್ರಾನೂ ನೋಂದಣಿ ಮಾಡಿಸಬೇಕು, ಅಡ್ಮಿಶನ್‌ಗೂ ಅದ ಇಬ್ಬರು ಪರೀಕ್ಷಾ ಮಾಡಬೇಕು. ನೋಂದಣಿ ಇಲ್ಲದ ನಡಸಿದ್ರ ಮೊದಲ ಸಲಕ್ಕ 5 ಸಾವಿರದಿಂದ 50 ಸಾವಿರ ದಂಡ, ಮತ್ತ ಮತ್ತ ಮಾಡಿದ್ರ 5 ಲಕ್ಷದ ತನಕ ಏರ್ತೈತಿ. ಒತ್ತಾಯದಿಂದ ತಲಿ ಬೋಳಸಾಂಗಿಲ್ಲ, ಪಗಾರ ಇಲ್ಲದ ದುಡಸಾಂಗಿಲ್ಲ, ಅವರವರ ಅರಬಿ ಹಾಕ್ಕೊಳ್ಳಾಕ ಬಿಡಬೇಕು, ಇವೆಲ್ಲಾ 20ನೇ ಸೆಕ್ಷನ್. ನೋಂದಣಿನೂ ಇಲ್ಲ, ಡಾಕ್ಟರೂ ಇಲ್ಲ, ಮನಷಾನ್ನ ತೋರಸೂದೂ ಇಲ್ಲ ಅಂದ್ರ ನೇರ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಹಾಕೂದು, ಅಂದ್ರ ಆ ಮನಷಾನ್ನ ಕೋರ್ಟಿನ ಮುಂದ ತಂದು ನಿಲ್ಲಸ್ರಿ ಅನ್ನೂ ಅರ್ಜಿ. ಬೆಳಗಾವಿ, ಬಾಗಲಕೋಟಿಯವ್ರಿಗೆ ಧಾರವಾಡ ಪೀಠ, ನಿಮಗ ವಿಜಯಪುರದವ್ರಿಗೆ ಕಲಬುರಗಿ ಪೀಠ.

ಜಮಖಂಡಿ ಅವ್ವ | ಮಂಗಳವಾರ ಮುಂಜಾನೆ 6:15

ರಾತ್ರೆಲ್ಲಾ ಇದನ್ನ ಓದಕೋತ ಕುಂತೆ. ಬೈಬ್ಯಾಡ್ರಿ, ಒಂದ್ ಮಾತ ಹೇಳ್ತೀನಿ. ಎಲ್ಲಾರೂ ಬಾಗಲಾ ತಗೀರಿ ತಗೀರಿ ಅಂತೀರಿ, ಬಾಗಲದ ಈ ಕಡೆ ನಿಂತವ್ರ ಹೊಟ್ಟಿ ಸಂಕಟ ಯಾರ್ ಕೇಳವ್ರು. ನನ್ನ ಮಗ ಡಿಗ್ರಿ ಎರಡನೇ ವರ್ಷದಾಗಿದ್ದ. ಮೂರು ರಾತ್ರಿ ಕುಡಗೋಲು ಹಿಡಕೊಂಡು ಮಾಳಿಗಿ ಮ್ಯಾಲ ಕುಂತಿದ್ದ, ಬಾಜು ಮನಿಯವ್ರು ಅನ್ನಕ್ಕ ವಿಷ ಹಾಕ್ಯಾರ ಅಂತ. ನಾನು ಅವರಪ್ಪ ಕೆಳಗ ಕದಾ ಹಾಕ್ಕೊಂಡು ಉಸರು ಬಿಗಿ ಹಿಡದು ಕುಂತೀವಿ. ಊರಾಗಿನ ಮಂದಿ ದೇವರ ಗುಡಿಗೆ ಒಯ್ದು ಸರಪಳಿ ಹಾಕ್ರಿ ಅಂದ್ರು. ನಮ್ಮನಿಯವ್ರು ಒಪ್ಪಲಿಲ್ಲ. ತಮಿಳುನಾಡಿನ ಏರವಾಡಿದಾಗ 2001ರಾಗ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದಕ್ಕ ಓಡಾಕ ಬರಲಾರದ ಮಂದಿ ಸುಟ್ಟು ಸತ್ತಿದ್ರು, ಅದು ಅವ್ರಿಗೆ ನೆನಪಿತ್ತು.

ಸಣ್ಣಾಂವ ಇದ್ದಾಗ ಮಾತು ಕೇಳಲಿಲ್ಲಂದ್ರ "ಧಾರವಾಡಕ್ಕ ಹಾಕ್ತೀನಿ ನೋಡ್" ಅಂತ ನಾನ ಅವನ್ನ ಅಂಜಸ್ತಿದ್ದೆ, ಅಲ್ಲಿ ಮೆಂಟಲ್ ಆಸ್ಪತ್ರಿ ಐತಲ್ಲ, ಅದಕ್ಕ. ಕಡೀಕ ಧಾರವಾಡಕ್ಕ ನಾನ ಕರ್ಕೊಂಡು ಹೋದೆ. ಮದಲ ಇಲ್ಲಿ ಸರ್ಕಾರಿ ದವಾಖಾನ್ಯಾಗ ಇಂಜೆಕ್ಷನ್ ಕೊಟ್ಟು 72 ತಾಸಿನೊಳಗ ಸೈಕಿಯಾಟ್ರಿಸ್ಟ್‌ಗೆ ತೋರಸ್ರಿ ಅಂದ್ರು. ಅಲ್ಲಿ ಹೋದ್ರ ಇಬ್ಬರು ಡಾಕ್ಟ್ರು ಒಬ್ಬರಾದ ಮ್ಯಾಲ ಒಬ್ಬರು ಅದನ್ನ ಕೇಳ್ತಾರ, ಆ ಹೊತ್ತಿನ್ಯಾಗ ನನಗ ಸಿಟ್ಟು ನೆತ್ತಿಗೇರಿತ್ತು, ಕಣ್ಣಿಗೆ ಕಾಣಸೂದಿಲ್ಲೇನ್ರೀ ನಿಮಗ ಅಂತ ಒದರಿಬಿಟ್ಟೆ. ವಾರಕ್ಕೊಮ್ಮೆ ಅವನ್ನ ಕರದು ಮತ್ತ ಕೇಳೂದು, ನಿನಗೇನ್ ಆಗೇತಿ ತಿಳೀತೈತೇನು, ಈ ಗುಳಗಿ ಯಾಕ ಕೊಡಾಕತ್ತೀವಿ ಗೊತ್ತೈತೇನು ಅಂತ. ಮೂರನೇ ವಾರದಾಗ "ಅವ್ವಾರ, ಇನ್ನ ನಿಮ್ಮ ಸಹಿ ಬ್ಯಾಡ, ಅವನ ಒಪ್ಪಿಗೀನ ಕೇಳ್ತೀವಿ" ಅಂದ್ರು. ನನಗ ಎದಿ ಝಲ್ ಅಂತು, ಎದ್ದು ನಡೀತೀನಂದ್ರ ಏನ್ ಮಾಡೂದು ಅಂತ. ಅಂವ ಒಂದ್ ತಾಸು ಮಾತಾಡಲಿಲ್ಲ. ಆಮ್ಯಾಲ ಇನ್ನ ಎಂಟ ದಿನ ಇರ್ತೀನಿ, ಆದ್ರ ನನ್ನ ಚಪ್ಪಲ್ ನನಗ ಕೊಡ್ರಿ ಅಂದ.

ನೈಟ್ ಡ್ಯೂಟಿ | ಮಂಗಳವಾರ ಮುಂಜಾನೆ 8:03

ನಾ ಸ್ಟಾಫ್ ನರ್ಸ್, ವಿಜಯಪುರ. ಮುಧೋಳ ಅಣ್ಣಾರ, ನೀವು ನಾಕ್ ವಾರದ ಬಾಣಂತಿ ಅಂದದ್ದು ಓದಿ ಬರೀಲಿಕತ್ತೀನಿ. ನಿಮ್ಮ ಮಾಮಾ ಸುಳ್ಳು ಹೇಳ್ಯಾರ ಅಂತ ಮದಲೇ ತೀರ್ಮಾನ ಮಾಡಬ್ಯಾಡ್ರಿ. ನಮ್ಮ ಅಜ್ಜಿಯವ್ರು ಬಾಣಂತಿ ಸನ್ನಿ ಅಂತಿದ್ರಲ್ಲ, ಅದು ಖರೇ ರೋಗ. ಹೆಚ್ಚಾಗಿ ಹೆರಿಗಿ ಆದ ಮೊದಲ ವಾರಗಳಾಗ ಒಮ್ಮಿಂದೊಮ್ಮೆಲೆ ಬರ್ತದ. ನಿದ್ದಿನೇ ಇಲ್ಲ, ಹೊತ್ತೊತ್ತಿಗೆ ಬ್ಯಾರೆ ಬ್ಯಾರೆ ಥರಾ ಇರ್ತಾರ, ಒಂದು ಗಳಿಗಿ ಸಮಾ ಮಾತಾಡ್ತಾರ, ಮುಂದಿನ ಗಳಿಗಿಗೆ ಇದು ನನ್ನ ಕೂಸಲ್ಲ, ಯಾರೋ ಬದಲ್ ಮಾಡ್ಯಾರ ಅಂತಾರ. ತಾಯಿಗೂ ಕೂಸಿಗೂ ಜೀವದ ಅಪಾಯ ಇರ್ತದ, ಅದಕ್ಕ ತುರ್ತು ಕೇಸ್ ಅಂತ ಹಿಡೀತೀವಿ. ಚಿಕಿತ್ಸಾ ಆದ್ರ ಬಹಳ ಛಲೋ ಆಗ್ತಾರ.

ಆದ್ರ ಇನ್ನೊಂದು ಹೇಳ್ತೀನಿ. 3 ವರ್ಷದೊಳಗಿನ ಕೂಸಿನ್ನ ತಾಯಿಯಿಂದ ಸಾಮಾನ್ಯವಾಗಿ ಅಗಲಸಬಾರದು ಅಂತ 21ನೇ ಸೆಕ್ಷನ್ ಹೇಳ್ತದ. ತಾಯಿಯ ರೋಗದಿಂದ ಕೂಸಿಗೆ ಅಪಾಯ ಅದ ಅಂತ ಸೈಕಿಯಾಟ್ರಿಸ್ಟ್ ನೋಡಿ ನಿರ್ಧಾರ ಮಾಡಿದ್ರ ಮಾತ್ರ ಅಗಲಸಬಹುದು, ಆಗೂ ಸಿಬ್ಬಂದಿ ಕಣ್ಣಮುಂದ ತಾಯಿ ಕೂಸಿನ್ನ ನೋಡಲಿಕ್ಕೆ ಅವಕಾಶ ಇರಬೇಕು, 15 ದಿನಕ್ಕೊಮ್ಮೆ ಆ ನಿರ್ಧಾರ ಮತ್ತ ಪರಿಶೀಲನಾ ಆಗಬೇಕು. ಅತ್ತಿ ಮನಸ್ಸಿಗೆ ಬಂತಂತ ಕೂಸು ಅತ್ತಿ ಕಡೆ ಇರೂದಲ್ಲ. ಇದನ್ನ ಮುದ್ದಾಂ ಕೇಳ್ರಿ. ಹಂಗೇ ಎದಿ ಗಡ್ಡಿ ಕಟ್ಟಿರ್ತದ, ಹಾಲು ಹಿಂಡಿ ತಗೀಲಿಕತ್ತಾರೋ ಇಲ್ಲೋ ಕೇಳ್ರಿ, ಮೆಂಟಲ್ ವಾರ್ಡಿನ್ಯಾಗ ಇದನ್ನ ಮರತುಬಿಡ್ತಾರ, ನಾನೇ ಕಂಡೀನಿ.

ಅಥಣಿ 2019 | ಮಂಗಳವಾರ ಮುಂಜಾನೆ 9:30

ಒಳಗಿದ್ದು ಬಂದಾಂವ ನಾನು, ನಂದೂ ಕೇಳ್ರಿ. ಹೆಸರಿನ್ಯಾಗಿನ ವರ್ಷ ನಾ ಅಡ್ಮಿಟ್ ಆದ ವರ್ಷ. ಸಿಸ್ಟರ್ ಹೇಳಿದ್ದು ಖರೆ, ನನಗೂ ಆರಾಮಿರಲಿಲ್ಲ, ಅದನ್ನ ಈಗ ಒಪ್ತೀನಿ. ಆದ್ರ ರೋಗ ಇದ್ದದ್ದು ಖರೆ ಅಂದ ಮಾತ್ರಕ್ಕ ಏನ್ ಮಾಡಿದ್ರೂ ನಡೀತೈತಿ ಅಂತಲ್ಲ. ಎರಡು ದಿನ ನನ್ನ ಮಂಚಕ್ಕ ಕಟ್ಟಿದ್ರು, ಯಾಕಂತ ಯಾರೂ ಹೇಳಲಿಲ್ಲ, ಬಲಗೈ ಮುಂಗೈಮ್ಯಾಲ ಬ್ಯಾಂಡೇಜ್ ಬಟ್ಟಿ ಗುರುತು ತಿಂಗಳ ತನಕ ಇತ್ತು. ಆಮ್ಯಾಲ ಓದಿದ್ನಿ, ಕಟ್ಟಬೇಕಂದ್ರ ಆ ಹೊತ್ತಿಗೆ ಬ್ಯಾರೆ ದಾರಿನ ಇರಬಾರದು, ಸೈಕಿಯಾಟ್ರಿಸ್ಟ್ ಅನುಮತಿ ಬೇಕು, ಕಾರಣ ಫೈಲ್‌ನ್ಯಾಗ ಬರೀಬೇಕು, 24 ತಾಸಿನೊಳಗ ಮನಿ ಪ್ರತಿನಿಧಿಗೆ ತಿಳಸಬೇಕು, ಶಿಕ್ಷಾ ಅಂತ ಕಟ್ಟಾಂಗಿಲ್ಲ, ಒಂಟಿ ಕ್ವಾಣ್ಯಾಗ ಕೂಡಿ ಹಾಕಾಂಗನೂ ಇಲ್ಲ. ಸರಪಳಿ ಅಂತೂ ಪೂರಾ ಬಂದ್. ಕರೆಂಟ್ ಕೊಡೂದಾದ್ರ ಅರವಳಿಕಿ ಕೊಟ್ಟ ಕೊಡಬೇಕು, ತುರ್ತು ಚಿಕಿತ್ಸಾ ಹೆಸರ್ಲೆ ಕೊಡಾಕ ಬರೂದಿಲ್ಲ.

ಒಂದು ಉಪಾಯ ಹೇಳ್ತೀನಿ, ಅಕ್ಕಾರು ಸುಧಾರಿಸಿದ ಮ್ಯಾಲ ಮಾಡ್ರಿ. ತನ್ನ ಪ್ರತಿನಿಧಿ ಯಾರಂತ ರೋಗೀನ ಬರದು ಕೊಡಬಹುದು. ಸ್ಟ್ಯಾಂಪ್ ಪೇಪರ್ ಬ್ಯಾಡ, ನೋಟರಿ ಬ್ಯಾಡ, ಬಿಳಿ ಹಾಳಿ ಮ್ಯಾಲ ಬರದು ಸಹಿ ಇಲ್ಲಾ ಹೆಬ್ಬೆಟ್ಟು. ಬದಲ್ ಮಾಡಾಕೂ ಬರ್ತೈತಿ. ಬರದಿರಲಿಲ್ಲಂದ್ರ ಸಂಬಂಧಿಕ್ರ ಪ್ರತಿನಿಧಿ ಆಗ್ತಾರ, ಹಂಗಾಗಿ ನಿಮ್ಮ ಮಾಮಾ ಆಗ್ಯಾರ. ನಾ ನನ್ನ ಗೆಳ್ಯಾನ ಹೆಸರು ಬರದೀನಿ, ನಮ್ಮಪ್ಪಗ ಇನ್ನೂ ಗೊತ್ತಿಲ್ಲ 😅

ತೊರವಿ ರೋಡ್ | ಮಂಗಳವಾರ ಮುಂಜಾನೆ 9:52

ಎಲ್ಲಾ ಸರಿ, ಗೇಟಿನ್ಯಾಗೇ ಬಿಡವಲ್ಲರಲ್ಲ, ಬಿಳಿ ಹಾಳಿ ತಗೊಂಡು ಏನ್ ಮಾಡೂದು?

ಕಪ್ಪುಕೋಟು ಬೆಳಗಾವಿ | ಮಂಗಳವಾರ ಮುಂಜಾನೆ 10:10

ಅದಕ್ಕೂ ದಾರಿ ಐತಿ. ಕೋರ್ಟ್ ಆವಾರದಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸ್ ಐತಿ, ಅಲ್ಲಿಗೆ ಹೋಗ್ರಿ, ಇಲ್ಲಾ 15100ಕ್ಕ ಫೋನ್ ಹಚ್ಚರಿ. ಹೆಣ್ಮಕ್ಕಳಿಗೆ ವಕೀಲ್ರು ಪುಕ್ಕಟೆ, ಮನೋರೋಗದ ಆಸ್ಪತ್ರ್ಯಾಗ ಇದ್ದವ್ರಿಗೂ ಪುಕ್ಕಟೆ, ಆದಾಯ ಎಷ್ಟು ಅಂತ ಕೇಳಾಂಗಿಲ್ಲ. ವಾರ್ಡಿನ್ಯಾಗಿನ ರೋಗಿಗೆ ಫೋನ್, ಭೆಟ್ಟಿ ಆಸ್ಪತ್ರಿ ನಿಯಮ, ವ್ಯಾಳ್ಯಾ ನೋಡಿ ಕೊಡಬೇಕು, ಪೂರಾ ಇಲ್ಲ ಅನ್ನಾಕ ಬರೂದಿಲ್ಲ. ಯಾರನ್ನ ಭೆಟ್ಟಿ ಆಗೂದು ಬ್ಯಾಡ ಅಂತ ಹೇಳೂ ಹಕ್ಕು ರೋಗಿದು, ಗಂಡಂದಲ್ಲ. ನ್ಯಾಯಾಧೀಶ್ರು, ಬೋರ್ಡಿನ ಸದಸ್ಯರು, ಎಂಎಲ್‌ಎ, ರೋಗಿಯ ವಕೀಲ್ರು, ಇವರ ಸಂಪರ್ಕ ಅಂತೂ ಯಾರೂ ತಡ್ಯಾಂಗಿಲ್ಲ. ಅದಕ್ಕ ವಕೀಲ್ರ ಜೋಡಿನ ಹೋಗು.

ಒಂದ್ ಮಾತು, ರೋಗ ಏನು, ಯಾವ ಗುಳಗಿ ಅಂತ ನಿನಗ ಹೇಳಲಿಲ್ಲಂದ್ರ ಅದು ತಪ್ಪಲ್ಲ. ಅದು ನಿಮ್ಮಕ್ಕನ ಗುಟ್ಟು. ಅಕ್ಕ ಹೂಂ ಅಂದ್ರ ಹೇಳ್ತಾರ.

ಮುಧೋಳ ಹುಡುಗ | ಬುಧವಾರ ರಾತ್ರಿ 9:15

ಎಲ್ಲಾರಿಗೂ ಕೈ ಮುಗೀತೀನಿ. ಹೋಗಿ ಬಂದ್ನಿ. ಮುಂಜಾನೆ ಕೋರ್ಟಿಗೆ ಹೋಗಿ ಅರ್ಜಿ ಬರದ್ವಿ, ಮಧ್ಯಾಹ್ನ ಎರಡಕ್ಕ ಪ್ಯಾನಲ್ ವಕೀಲ ಮೇಡಂ ಒಬ್ರು ನಮ್ಮ ಜೋಡಿನ ಆಸ್ಪತ್ರಿಗೆ ಬಂದ್ರು. ಅದ ಕೌಂಟರ್‌ನಾಂವ, ಅದ ಮಾತು. ಮೇಡಂ ಸಮಾಧಾನದಿಂದ "ಯಾವ ಸೆಕ್ಷನ್ ಕೆಳಗ ಅಡ್ಮಿಶನ್ ಐತಿ, ಬರದು ಕೊಡ್ತೀರೇನು?" ಅಂತ ಕೇಳಿದ್ರು. ಅಂವ ಪೆನ್ನಿನ ಕ್ಯಾಪ್ ತಗೀತಾನ, ಹಾಕ್ತಾನ, ತಗೀತಾನ, ಹಾಕ್ತಾನ, ಆಮ್ಯಾಲ ಎದ್ದು ಒಳಗ ಹೋದ. ಹತ್ತು ಮಿನಿಟಿಗೆ ಡಾಕ್ಟ್ರು ತಾವ ಬಂದು ಒಳಗ ಕರದ್ರು.

ಅಕ್ಕನ್ನ ನೋಡಿ ನನ್ನ ಬಾಯಿ ಕಟ್ಟಿಬಿಡ್ತು. ತನ್ನ ಸೀರಿನ ಉಟ್ಟಿದ್ಲು, ಕುಪ್ಪಸದ ಮುಂದಿನ ಭಾಗ ಎಲ್ಲಾ ಹಾಲಿನಿಂದ ತೊಯ್ದು ಗಡಸ ಆಗಿತ್ತು. ಅವ್ವ ನೋಡಿದಾಕಿನ ತನ್ನ ಸೆರಗಿನ್ಯಾಗ ಮುಚ್ಚಿದ್ಲು. ಅಕ್ಕ ಹೂಂ ಅಂದ ಮ್ಯಾಲ ಡಾಕ್ಟ್ರು ಫೈಲ್ ತಗದು ತೋರಿಸಿದ್ರು. ಸಿಸ್ಟರ್ ನೀವು ಹೇಳಿದ್ದ ಖರೆ ಆತು. ಬುಧವಾರ ರಾತ್ರಿ ಮೂರಕ್ಕ ಕೂಸಿನ್ನ ಎತ್ಕೊಂಡು ಟೆರೇಸ್ ಮ್ಯಾಲಿನ ನೀರಿನ ಟಾಕಿ ಮುಚ್ಚಳ ತಗದಿದ್ಲಂತ, ಇದು ನನ್ನ ಕೂಸಲ್ಲ, ನಂದನ್ನ ಇದರಾಗ ಮುಚ್ಚಿಟ್ಟಾರ ಅಂತ. ಮಾಮಾ ಓಡಿ ಹಿಡದಾರ. ನಾಲ್ಕು ದಿನ ಕಣ್ಣ ಮುಚ್ಚಿರಲಿಲ್ಲಂತ. ಮೊದಲು ತುರ್ತು ಅಂತ ತಗೊಂಡು, ಆಮ್ಯಾಲ ಇಬ್ಬರು ಡಾಕ್ಟ್ರು ಬ್ಯಾರೆ ಬ್ಯಾರೆ ಬರದಾರ, ಬೋರ್ಡಿಗೆ ಕಳಿಸಿದ ಪತ್ರದ ನಕಲೂ ಫೈಲ್‌ನ್ಯಾಗ ಇತ್ತು. ಕಾಗದ ಎಲ್ಲಾ ಸಮಾ ಐತಿ ಅಂತ ಮೇಡಂ ಅಂದ್ರು. ನಾ ಮಾಮಾಗ ಫೋನಿನ್ಯಾಗ ಅಂದ ಮಾತು ನೆನಸ್ಕೊಂಡ್ರ ನಾಚಿಕಿ ಆಗ್ತೈತಿ.

ಸಮಾ ಇರಲಾರದ್ದು ಎರಡು. ಭೆಟ್ಟಿ ಫೋನ್ ಯಾಕ ಬಂದ್ ಮಾಡೀರಿ ಅಂದ್ರ ಮಾಮಾ ಬ್ಯಾಡ ಅಂದಿದ್ರು ಅಂದ್ರು, ಅಕ್ಕನ್ನ ಯಾರೂ ಕೇಳಿರಲಿಲ್ಲ. ಕೂಸಿನ ಬಗ್ಗೆ ಫೈಲ್‌ನ್ಯಾಗ ಒಂದ್ ಅಕ್ಷರ ಇರಲಿಲ್ಲ. ಡಾಕ್ಟ್ರ ಮಾರಿ ಸಪ್ಪಗಾತು, ಅದು ನಮ್ಮಿಂದ ಬಿಟ್ಟು ಹೋಗೇತಿ ಅಂತ ಒಪ್ಕೊಂಡು ಅಲ್ಲೆ ಬರದ್ರು, ನಾಳಿಯಿಂದ ದಿನಾ ಮಧ್ಯಾಹ್ನ ಸಿಸ್ಟರ್ ಮುಂದ ಕೂಸು ತರಬೇಕಂತ. ಬಾಳ ಮಾತಾಡಲಿಲ್ಲ ಅಕ್ಕ. ಅಂಟಿನುಂಡಿ ಅರ್ಧಾ ತಿಂದು ಉಳದರ್ಧಾ ಅವ್ವನ ಕೈಯಾಗ ಇಟ್ಲು.

ಬಾದಾಮಿ ಟೀಚರ್ | ಬುಧವಾರ ರಾತ್ರಿ 10:02

ಓದಿ ಕಣ್ಣಾಗ ನೀರು ಬಂತು ತಮ್ಮಾ. ಒಂದು ಕೇಳ್ತೀನಿ, ತಪ್ಪ ತಿಳೀಬ್ಯಾಡ್ರಿ. ಮುಂದ ರೊಕ್ಕದ ಜಗಳ ಬೆಳೀತಂದ್ರ ಈ ಆಸ್ಪತ್ರಿ ಕಾಗದ ಹಿಡಕೊಂಡು ಹುಚ್ಚಿ ಐತಿ ಅಂತ ಡೈವೋರ್ಸ್ ಹಾಕಿದ್ರ? ನಮ್ಮ ಪೈಕಿ ಒಬ್ಬಾಕಿಗೆ ಹಿಂಗ ಅಂಜಿಸಿದ್ರು.

ಕಪ್ಪುಕೋಟು ಬೆಳಗಾವಿ | ಬುಧವಾರ ರಾತ್ರಿ 10:25

ಅಕ್ಕಾರ, ಹಾಕಾಕ ಯಾರರ ಹಾಕಬಹುದು, ಗೆಲ್ಲೂದು ಅಷ್ಟು ಹಗರ ಇಲ್ಲ. ಮಾನಸಿಕ ರೋಗ ಐತಿ ಅಂತ ಡಾಕ್ಟ್ರು ಬರದ್ರ ಅಷ್ಟಕ್ಕ ಅವ್ರು ಬುದ್ಧಿಸ್ಥಿಮಿತ ಇಲ್ಲದವ್ರು ಅಂತ ಆಗೂದಿಲ್ಲ, ಅದನ್ನ ಕೋರ್ಟೇ ಘೋಷಣಾ ಮಾಡಬೇಕು, ಇದೂ 3ನೇ ಸೆಕ್ಷನ್. ಹಿಂದೊಮ್ಮೆ ಆಸ್ಪತ್ರ್ಯಾಗ ಇದ್ರು ಅನ್ನೂದಷ್ಟ ಹಿಡಕೊಂಡು ಈಗೂ ರೋಗ ಐತಿ ಅನ್ನಾಕ ಬರೂದಿಲ್ಲ. ಕೇಸಿನ್ಯಾಗ ಯಾರರ ರೋಗದ ದಾಖಲಿ ತಂದು ಇಟ್ರ, ಎದುರಿನವ್ರು ಒಪ್ಪಲಿಲ್ಲಂದ್ರ, ಕೋರ್ಟು ಅದನ್ನ ಬೋರ್ಡಿಗೆ ಕಳಸಬೇಕು.

ನೈಟ್ ಡ್ಯೂಟಿ | ಬುಧವಾರ ರಾತ್ರಿ 11:47

ಕುಪ್ಪಸದ ಮಾತು ಓದಿ ನಮ್ಮ ವಾರ್ಡಿನ್ಯಾಗ ಎಲ್ಲಾ ಸಿಸ್ಟರ್‌ಗೂ ತೋರಿಸಿದೆ. ಅಣ್ಣಾರ, ನಡು ರಾತ್ರಿ ಮನ್ಯಾಗ ಯಾರಿಗರ ಗಾಬರಿ ಆದ್ರ 14416ಕ್ಕ ಹಚ್ಚರಿ, ಟೆಲಿ ಮಾನಸ್ ಅಂತ, ಕನ್ನಡದಾಗೇ ಮಾತಾಡ್ತಾರ. ಅಕ್ಕಾರು ಮನಿಗೆ ಬಂದ ಮ್ಯಾಲ ಗುಳಗಿ ತಾವಾಗೇ ಬಿಡಬಾರದು, ಮತ್ತ ಮುಂದಿನ ಹೆರಿಗಿ ಏನರ ಇದ್ರ ಮದಲೇ ಡಾಕ್ಟ್ರಿಗೆ ಹೇಳಬೇಕು, ಒಮ್ಮೆ ಬಂದವ್ರಿಗೆ ಮತ್ತೊಮ್ಮೆ ಬರೂ ಸಾಧ್ಯತಾ ಹೆಚ್ಚು.

ಮುಧೋಳ ಹುಡುಗ | ಮುಂದಿನ ಸೋಮವಾರ ಸಂಜಿ 6:30

ಅಕ್ಕ ಈಗ ಬಾಳ ಸುಧಾರಿಸ್ಯಾಳ. ಇವತ್ತ ಡಾಕ್ಟ್ರು ಕೂಡಿಸ್ಕೊಂಡು ಮಾತಾಡಿ, ಇನ್ನ ನಿಮ್ಮ ನಿರ್ಧಾರ ನೀವ ತಗೋಬಹುದು, ಇರ್ತೀರೋ ಹೋಗ್ತೀರೋ ಅಂತ ಕೇಳಿದ್ರು. ನಾ ಬ್ಯಾಗ್ ತಗೊಂಡ ಹೋಗಿದ್ನಿ ಕರ್ಕೊಂಡು ಬರಾಕ. ಆಕಿ ಇನ್ನೊಂದ್ ವಾರ ಇರ್ತೀನಿ, ರಾತ್ರಿ ಇನ್ನೂ ಅಂಜಿಕಿ ಆಗ್ತೈತಿ ಅಂದು ತಾನ ಸಹಿ ಮಾಡಿದ್ಲು. ಆಮ್ಯಾಲ ಆ ಬಿಳಿ ಹಾಳಿ ಕೇಳಿದ್ಲು. ಮಾಮಾನೂ ಅಲ್ಲೆ ನಿಂತಿದ್ರು, ನಾನೂ ನಿಂತಿದ್ನಿ, ಖರೆ ಹೇಳ್ಬೇಕಂದ್ರ ನನ್ನ ಹೆಸರ ಬರೀತಾಳ ಅಂತ ಪೆನ್ನೂ ನಾನ ಕೊಟ್ನಿ. ಬರದದ್ದು ಅವ್ವನ ಹೆಸರು.

ವಕೀಲ್ರ, ಅವ್ವಗ ಬರ್ಯಾಕ ಬರೂದಿಲ್ಲ. ಹೆಬ್ಬೆಟ್ಟು ನಡೀತೈತೇನ್ರಿ?

ಕಪ್ಪುಕೋಟು ಬೆಳಗಾವಿ | ಸೋಮವಾರ ಸಂಜಿ 6:48

ಅಕ್ಕನ ಸಹಿ ಆಗೇತಿ ಅಂದ್ರ ನೇಮಕ ಆದಂಗ. ಇನ್ನ ಅವ್ವಾರು ಒಪ್ಪೀನಿ ಅಂತ ಬರಹದಾಗ ಕೊಡಬೇಕು, ನೀ ಬರಿ, ಓದಿ ಹೇಳು, ಡಾಕ್ಟ್ರ ಮುಂದ ಹೆಬ್ಬೆಟ್ಟು ಒತ್ತಸು. ಇಂಕ್ ಪ್ಯಾಡ್ ಮನಿಂದ ಒಯ್ಯಿ, ಆ ಕೌಂಟರ್‌ನ್ಯಾಗ ಇರ್ತೈತೋ ಇಲ್ಲೋ.